ಹೊಸಗದ್ದೆ ತಂಡಕ್ಕೆ ಬೆಲೆ ಕಟ್ಟಿದ ವರ್ಷ

ಕಳೆದ ಮಾರ್ಚ್ ತಿಂಗಳಲ್ಲಿ ಹಳೆಯ ಶಿಷ್ಯನೊಬ್ಬನ ಮನೆಯ ಮದುವೆಗೆ ಕಡಬಕ್ಕೆ ಹೋಗಿದ್ದೆ. ಊಟವಾಗಿ ಹೊರಗೆ ಕುರ್ಚಿ ಎಳೆದುಕೊಂಡು ಕುಳಿತಿದ್ದಾಗ ಗುಡ್ಡ ಸುಡುವ ವಾಸನೆ ಬಂತು. ಒಣಗಿದ ಮುಳಿಹುಲ್ಲು ಮೊದಲು ಹತ್ತಿಕೊಂಡು, ಆಮೇಲೆ ನಡುವಿನ ಹಸಿ ಪೊದೆಗಳು ಬೇಯತೊಡಗಿದಾಗ ಬರುವ ಕಹಿ ಹೊಗೆ. ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದು ಮಾತು ಮುಂದುವರಿಸಿದರು. ನನಗೆ ಮಾತ್ರ ಕೈಯಲ್ಲಿದ್ದ ಪಾಯಸದ ಲೋಟವನ್ನು ಕೆಳಗಿಡಬೇಕಾಯಿತು. ಶಿಷ್ಯ ಓಡಿ ಬಂದು, "ಎಂತಾಯ್ತು ಸರ್, ತಲೆ ತಿರುಗ್ತದಾ?" ಎಂದು ಕೇಳಿದ. ಏನಿಲ್ಲ ಎಂದೆ. ಆದರೆ ಅಷ್ಟರಲ್ಲಿ ನಾನು ಅರವತ್ತು ವರ್ಷ ಹಿಂದೆ ಸರಿದು, ಹೊಸಗದ್ದೆಯ ಗೇಟಿನಲ್ಲಿ ಟಿಕೆಟ್ ಹರಿಯುತ್ತ ನಿಂತಾಗಿತ್ತು.

ಆಗ ಕಡಬ, ಸುಳ್ಯ ಎಲ್ಲವೂ ಪುತ್ತೂರು ತಾಲೂಕೇ. ನಾನು ಪುತ್ತೂರಿನವನು. ಇಪ್ಪತ್ತೆರಡನೇ ವಯಸ್ಸಿಗೆ ಕಡಬದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಮಾಸ್ತರನಾಗಿ ಬಂದೆ. ಬಂದ ಎರಡನೇ ತಿಂಗಳಿಗೇ ಜತ್ತಪ್ಪ ರೈಗಳು ನನ್ನನ್ನು ಹುಡುಕಿಕೊಂಡು ಬಂದರು. ರೈಗಳಿಗೆ ಗದ್ದೆಯೂ ಇತ್ತು, ಮರ ಸಾಗಿಸುವ ಎರಡು ಲಾರಿಗಳೂ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ಒಂದು ಫುಟ್‌ಬಾಲ್ ತಂಡವಿತ್ತು.

ಮರ ಒಯ್ಯುವ ಕೆಲಸದಲ್ಲಿ ಮಲಬಾರಿನ ಕಡೆ ಓಡಾಡುವಾಗ ಅವರು ಅಲ್ಲಿ ಏಳು ಏಳು ಮಂದಿಯ ಫುಟ್‌ಬಾಲ್ ನೋಡಿದ್ದರು. ಸುತ್ತ ಬೇಲಿ, ಗೇಟಿನಲ್ಲಿ ಟಿಕೆಟ್, ಆಡುವವರಿಗೆ ಆಟಕ್ಕಿಷ್ಟು ಎಂದು ಕೂಲಿ. ನೆಲ್ಯಾಡಿಯ ಆಚೀಚೆ ಗುಡ್ಡ ಕಡಿದು ರಬ್ಬರ್ ಹಾಕಲು ಕೇರಳದಿಂದ ಬಂದು ನೆಲಸಿದ ಮನೆಗಳಲ್ಲಿ ಬಾಲ್ ಒದೆಯಬಲ್ಲ ಹುಡುಗರು ಬೇಕಾದಷ್ಟಿದ್ದರು. ಅವರಲ್ಲಿ ನಾಲ್ವರನ್ನೂ ನಮ್ಮೂರಿನ ಮೂವರನ್ನೂ ಸೇರಿಸಿ ರೈಗಳು ತಂಡ ಕಟ್ಟಿದರು. ಸುಗ್ಗಿ ಕೊಯ್ಲಾದ ಮೇಲೆ ಒಣಗಿ ಗಟ್ಟಿಯಾಗುವ ಹೊಸಗದ್ದೆಯೇ ಆಟದ ಬಯಲು. ಸುತ್ತಲೂ ಹೆಣೆದ ತೆಂಗಿನ ಮಡಲಿನ ಬೇಲಿ, ಒಂದು ಬದಿಗೆ ಅಡಕೆ ಮರದ ಗ್ಯಾಲರಿ. ನಾನು ಬರುವ ಹೊತ್ತಿಗೆ ತಂಡಕ್ಕೆ ಐದನೇ ವರ್ಷ. ಲೆಕ್ಕ ಬರೆಯಲು, ಟಿಕೆಟ್ ಹರಿಯಲು, ಎದುರು ತಂಡಕ್ಕೆ ಕಾಗದ ಬರೆಯಲು ಅವರಿಗೆ ಅಕ್ಷರ ಬಲ್ಲ ಒಬ್ಬ ಬೇಕಿತ್ತು. ನನಗೆ ಸಂಜೆ ಹೊತ್ತು ಹೋಗಬೇಕಿತ್ತು. ಒಪ್ಪಿಕೊಂಡೆ. ನಾನು ಹೇಳಹೊರಟದ್ದು ಅದಾಗಿ ಮೂರನೇ ವರ್ಷದ ಮಾತು.

ಆ ವರ್ಷ ಗದ್ದೆ ಒಣಗುವುದಕ್ಕಿಂತ ಮೊದಲೇ ರೈಗಳು ತಂಡವನ್ನು ಮಾರುತ್ತಾರೆ ಎಂಬ ಸುದ್ದಿ ಹಬ್ಬಿತು. ರೈಗಳನ್ನೇ ಕೇಳಿದೆ.

"ಹೌದು ಮಾಷ್ಟ್ರೆ. ಮಂಗಳೂರಿನ ಒಬ್ರು ಹಂಚಿನ ಕಾರ್ಖಾನೆಯವರು ಕೇಳ್ತಿದ್ದಾರೆ. ಅವರ ಹಂಚಿನ ಹೆಸರು ಹಾಕಿ ಊರೂರಲ್ಲಿ ಆಡಿಸ್ತಾರಂತೆ. ನನಗೂ ರಬ್ಬರ್ ಮಾಡ್ಬೇಕು ಅಂತ ಉಂಟು." ಆಮೇಲೆ ಹೇಳಿದರು, "ಎಂಟು ವರ್ಷ ಕಟ್ಟಿದ್ದಕ್ಕೆ ಒಂದು ಬೆಲೆ ಯಾರಾದ್ರೂ ಹೇಳ್ಲಿ ಅಲ್ವಾ. ಇಲ್ಲಿಯವರೆಗೆ ಎಲ್ಲರೂ ಹುಚ್ಚು ಅಂತಲೇ ಹೇಳಿದ್ದು."

ಹಣಕ್ಕಿಂತ ಆ ಮಾತೇ ಅವರಿಗೆ ದೊಡ್ಡದಾಗಿತ್ತು ಎಂದು ನನಗೆ ಆಗಲೇ ಅನಿಸಿತ್ತು.

ಕಾರ್ಖಾನೆಯವರು ತಾವು ಬರಲಿಲ್ಲ. ಬೆಲೆ ಕಟ್ಟಲು ಒಬ್ಬರನ್ನು ಕಳಿಸಿದರು. ಅನಂತ ನಾಯಕರು ಎಂದು ಅವರ ಹೆಸರು. ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಬಿಳಿ ಅಂಗಿ, ಕಂಕುಳಲ್ಲಿ ಉದ್ದನೆಯ ಒಂದು ಪುಸ್ತಕ. ಕಂತ್ರಾಟುದಾರರ ಜೊತೆ ಕಾಡಿಗೆ ಹೋಗಿ, ನಿಂತ ಮರವನ್ನು ನೋಡಿ, ಕಡಿದರೆ ಎಷ್ಟು ಹಲಗೆ ಬಂದೀತು ಎಂದು ಹೇಳುವುದು ಮೂವತ್ತು ವರ್ಷಗಳಿಂದ ಅವರ ಕಸುಬು. ನಡೆಯುವಾಗ ಸಿಕ್ಕಿದ ಕಂಬ, ಬಾಗಿಲು, ಬೆಂಚು ಎಲ್ಲವನ್ನೂ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿ ಕಿವಿಗೊಡುವ ಅಭ್ಯಾಸ ಅವರಿಗಿತ್ತು.

"ಮರಕ್ಕೂ ಫುಟ್‌ಬಾಲಿಗೂ ಎಂತ ಸಂಬಂಧ ನಾಯಕರೆ?" ಎಂದು ರೈಗಳು ನಗುತ್ತ ಕೇಳಿದರು.

"ಬಿದ್ದದ್ದಕ್ಕೆ ಬೆಲೆ ಯಾರು ಬೇಕಾದ್ರೂ ಹೇಳ್ತಾರೆ ರೈಗಳೆ. ನಿಂತದ್ದಕ್ಕೆ ಹೇಳುದು ಕಷ್ಟ. ನನಗೆ ಅದು ಅಭ್ಯಾಸ ಉಂಟು," ಎಂದರು ನಾಯಕರು. ಅವರು ನಗಲಿಲ್ಲ.

ಆ ವರ್ಷ ಬೇಸಗೆ ಬೇಗ ಹಿಡಿಯಿತು. ಫೆಬ್ರವರಿಯಲ್ಲೇ ಹೊಳೆ ಕಲ್ಲು ತೋರಿಸುತ್ತಿತ್ತು. ರಬ್ಬರ್ ಹಾಕುವವರು ಹೊಸಗದ್ದೆಯ ಪೂರ್ವದ ಗುಡ್ಡಗಳಿಗೆ ಒಂದಾದ ಮೇಲೆ ಒಂದರಂತೆ ಬೆಂಕಿ ಕೊಡುತ್ತಿದ್ದರು. ಹಗಲಿಡೀ ಬಿಸಿಲು ಹೊಗೆಯಲ್ಲಿ ಸೋಸಿ ಬಂದಂತೆ ತಾಮ್ರದ ಬಣ್ಣಕ್ಕಿರುತ್ತಿತ್ತು. ಶಾಲೆಯ ಮಕ್ಕಳ ಸ್ಲೇಟಿನ ಮೇಲೆ ಬೂದಿ ಬೀಳುತ್ತಿತ್ತು. ಬೆಂಕಿಗೆ ಹೆದರಿ ಹೊರಬಿದ್ದ ಇಲಿ ಹಾವುಗಳಿಗಾಗಿ ಗಿಡುಗಗಳು ನಮ್ಮ ಬಯಲಿನ ಮೇಲೆಯೇ ಸುತ್ತುತ್ತಿದ್ದವು.

ಶಾಲೆ ಬಿಟ್ಟ ಮೇಲೆ ನಾಯಕರು ನನ್ನ ಜೊತೆ ಜಗಲಿಯಲ್ಲಿ ಕುಳಿತು ಮೂರು ವರ್ಷದ ಟಿಕೆಟಿನ ಉಳಿದ ತುಂಡುಗಳನ್ನು ನೋಡಿದರು. ಅತಿ ಹೆಚ್ಚು ಜನ ಬಂದ ಆಟಗಳನ್ನು ತೆಗೆದಿಡಿ ಎಂದರು. ತೀರಾ ಕಡಿಮೆ ಬಂದವನ್ನೂ ತೆಗೆದಿಡಿ ಎಂದರು.

"ಒಳ್ಳೆಯ ಆಟ ತೆಗೆದ್ರೆ ರೈಗಳಿಗೆ ನಷ್ಟ ಅಲ್ವಾ?" ಎಂದೆ.

"ಒಂದು ವರ್ಷ ಒಳ್ಳೆಯ ಮಳೆ ಬಂತು ಅಂತ ಹೊಳೆಯ ಆಳ ಅದು ಅಂತ ಹೇಳ್ಲಿಕ್ಕೆ ಆಗ್ತದಾ ಮಾಷ್ಟ್ರೆ?"

ಗದ್ದೆಗೆ ಅವರು ಏನೂ ಬೆಲೆ ಹಾಕಲಿಲ್ಲ. ಅದು ಗೇಣಿಯವನ ಕೈಯಲ್ಲಿದ್ದ ಗದ್ದೆ, ಮೇ ತಿಂಗಳಲ್ಲಿ ಉಳುವಂಥದ್ದು. ಬಾಲು, ಬೂಟು, ಬನಿಯನುಗಳಿಗೂ ಅಷ್ಟೆ. ಎದುರು ತಂಡಗಳು ಯಾವುವು, ಅವು ಇನ್ನೆಷ್ಟು ವರ್ಷ ಇದ್ದಾವು ಎಂದು ಅರ್ಧ ದಿನ ವಿಚಾರಿಸಿದರು. ಎದುರಿಗೆ ಆಡುವವರು ಇಲ್ಲದೆ ಹೋದರೆ ನಿಮ್ಮ ತಂಡ ಎಷ್ಟು ಒಳ್ಳೆಯದಾದರೂ ನಾಲ್ಕಾಣೆ ಕೊಟ್ಟು ನೋಡಲು ಯಾರು ಬರುತ್ತಾರೆ ಎಂಬುದು ಅವರ ಪ್ರಶ್ನೆ. ಅದುವರೆಗೆ ನಾನು ಎದುರು ತಂಡದವರನ್ನು ಸೋಲಿಸಬೇಕಾದವರು ಎಂದಷ್ಟೇ ತಿಳಿದಿದ್ದೆ.

ಆಟಗಾರರನ್ನು ಅವರು ಒಬ್ಬೊಬ್ಬರನ್ನಾಗಿ ಶಾಲೆಯ ಕೋಣೆಗೆ ಕರೆದರು. ಯಾರ ಜೊತೆಗೂ ಕಾಗದಪತ್ರ ಇರಲಿಲ್ಲ. ರೈಗಳು ಕರೆಯುತ್ತಿದ್ದರು, ಅವರು ಬರುತ್ತಿದ್ದರು. "ರೈಗಳು ಇಲ್ಲದಿದ್ರೆ ಬರ್ತೀಯಾ?" ಎಂದು ಎಲ್ಲರನ್ನೂ ಕೇಳಿ, ಉತ್ತರ ಬರೆದುಕೊಂಡರು. ಕೊನೆಗೆ ಮಥಾಯಿ ಬಂದ. ಬೆಳಗ್ಗೆ ರಬ್ಬರ್ ಹಾಲು ತೆಗೆಯುವ ಕೆಲಸ, ಸಂಜೆ ಆಟ. ಜನ ಬರುತ್ತಿದ್ದದ್ದು ಅವನನ್ನು ನೋಡಲು. ಬಾಲ್ ಅವನ ಕಾಲಿಗೆ ಸಿಕ್ಕಿದರೆ ಗ್ಯಾಲರಿಯವರು ಮಾತು ನಿಲ್ಲಿಸುತ್ತಿದ್ದರು.

ನಾಯಕರು ಅವನನ್ನು ಬೆಂಚಿನ ಮೇಲೆ ಕೂರಿಸಿ, ಮೊಣಕಾಲನ್ನು ಎರಡೂ ಕೈಗಳಿಂದ ಹಿಡಿದು ಮಡಚಿ ಬಿಡಿಸಿದರು. ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿದರು. ಗೋಣು ತಗ್ಗಿಸಿ ಸ್ವಲ್ಪ ಹೊತ್ತು ಯೋಚಿಸಿ ಅವನ ಹೆಸರಿನ ಎದುರು ಒಂದು ಅಂಕಿ ಬರೆದರು. ನಾನು ನೋಡಿದೆ. ನಾಲ್ಕು. ಇನ್ನು ನಾಲ್ಕು ವರ್ಷ ಬಾಳಿಕೆ ಎಂದು ಅರ್ಥ.

ಹೊರಗೆ ಬಂದ ಮೇಲೆ ಮಥಾಯಿ ನನ್ನ ತೋಳು ಹಿಡಿದು ಕೇಳಿದ, "ಸಾರೆ, ಆ ಅಜ್ಜ ಎಂತ ಬರೆದದ್ದು?"

"ನೀನು ಒಳ್ಳೆ ಆಡ್ತೀಯಾ ಅಂತ."

ಅವನು ನಂಬಿದ. ಅದು ಆ ವರ್ಷ ನಾನು ಹೇಳಿದ ಮೊದಲ ಸುಳ್ಳು.

ಒಂದು ಮಂಗಳವಾರ ನಾಯಕರು ಇಸ್ಮಾಲಿ ಬ್ಯಾರಿಯ ಚಾ ಹೋಟ್ಲಿನಲ್ಲಿ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಕುಳಿತರು. ಬಸ್ಸು ನಿಲ್ಲುವ ಕಡೆ ಬ್ಯಾರಿಯ ಹೋಟ್ಲು. ನಲವತ್ತು ದಾಟಿದ, ದೊಡ್ಡ ಸ್ವರದ, ಮೈತುಂಬ ನಗುವ ಮನುಷ್ಯ. ಆಟ ಇದ್ದ ದಿನ ಮಧ್ಯಾಹ್ನಕ್ಕೇ ಒಲೆ ಆರಿಸಿ, ಗ್ಯಾಲರಿಯ ನಟ್ಟನಡುವೆ ಮೇಲಿನ ಸಾಲಿನಲ್ಲಿ ಮೊದಲಿಗನಾಗಿ ಕೂರುತ್ತಿದ್ದ. ನಾಯಕರು ಏನೂ ಕೇಳಲಿಲ್ಲ. ಚಾ ಕುಡಿಯುತ್ತ ಸುಮ್ಮನೆ ಬಂದು ಹೋಗುವವರ ಮಾತು ಕೇಳಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದರು.

ಸಂಜೆ ನನಗೆ ವಿವರಿಸಿದರು. "ಇವತ್ತು ಆಟ ಇಲ್ಲ. ನಾಳೆಯೂ ಇಲ್ಲ. ಆದ್ರೂ ಅಲ್ಲಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಹೊಸಗದ್ದೆಯ ಸುದ್ದಿ ಮಾತಾಡಿದ್ರು. ಆಟ ಇಲ್ಲದ ದಿನ ಜನ ಎಂತ ಮಾತಾಡ್ತಾರೆ, ಅದು ಹೆಸರು. ನಿಮ್ಮ ತಂಡದ ಬೆಲೆಯಲ್ಲಿ ಅರ್ಧ ಆ ಹೆಸರೇ. ಉಳಿದ ಅರ್ಧದಲ್ಲಿ ಮುಕ್ಕಾಲು ಮಥಾಯಿಯ ಕಾಲು."

"ಹಾಗಾದ್ರೆ ಒಳ್ಳೆ ಬೆಲೆ ಬರ್ತದಾ?"

"ಒಂದು ಆಟ ನಾನೇ ಕಣ್ಣಾರೆ ನೋಡಿ ಎಣಿಸ್ಬೇಕು. ಟಿಕೆಟಿನ ತುಂಡು ಎಂತ ಬೇಕಾದ್ರೂ ಹೇಳ್ತದೆ. ಬರುವ ಆದಿತ್ಯವಾರದ್ದು ನೋಡ್ತೇನೆ. ಸೋಮವಾರ ಹೋಗ್ತೇನೆ."

ಅದೇ ಗುರುವಾರ ಸಂಜೆ ಅವರು ಗ್ಯಾಲರಿ ನೋಡಬೇಕೆಂದರು. ಇಬ್ಬರೇ ಹೋದೆವು. ಅಡಕೆ ಮರದ ಕಾಂಡಗಳನ್ನು ನೆಲಕ್ಕೆ ಹೂತು, ಅಡ್ಡಕ್ಕೆ ಮರ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಬಿದಿರು ಹಾಸಿದ ಒಂಬತ್ತು ಸಾಲಿನ ಗ್ಯಾಲರಿ. ಮೊದಲೆಲ್ಲ ಪ್ರತಿ ವರ್ಷ ಹೊಸ ಕಂಬ ಹಾಕುತ್ತಿದ್ದರು. ಈ ಸಲದ್ದು ಎರಡು ಮಳೆ ಕಂಡ ಕಂಬಗಳು. ಹೋದ ವರ್ಷ ಹೇಗೋ ತಪ್ಪಿತ್ತು, ಈ ವರ್ಷ ಹೇಗೂ ಮಾರುವುದಲ್ಲವೇ ಎಂದು ರೈಗಳು ಬದಲಾಯಿಸಿರಲಿಲ್ಲ.

ನಾಯಕರು ಬಗ್ಗಿ ಗ್ಯಾಲರಿಯ ಅಡಿಗೆ ಹೋದರು. ಒಳಗೆ ಕತ್ತಲೆಯಾಗಿತ್ತು. ಕಂಬಗಳನ್ನು ಕುಟ್ಟುತ್ತ ಹೋಗುವ ಸದ್ದು ಹೊರಗೆ ನಿಂತ ನನಗೆ ಕೇಳುತ್ತಿತ್ತು. ಟಕ್, ಟಕ್, ಟಕ್. ನಡುವಿಗೆ ಬರುತ್ತಿದ್ದಂತೆ ಸದ್ದು ಬದಲಾಯಿತು. ಒಣ ಸೋರೆಬುರುಡೆಯನ್ನು ತಟ್ಟಿದ ಹಾಗೆ. ಒಂದು, ಎರಡು, ಐದು ಕಂಬ. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

ಹೊರಗೆ ಬಂದು ಕೈ ಕೊಡವಿಕೊಂಡರು. ಅಂಗೈಯಲ್ಲಿ ಹಳದಿ ಹುಡಿ ಇತ್ತು.

"ಮಾಷ್ಟ್ರೆ, ನಡುವಿನದ್ದು ಐದು ಕಂಬ ಟೊಳ್ಳು. ಚರ್ಮ ಮಾತ್ರ ಉಂಟು."

"ನಿಲ್ಲುದಿಲ್ವಾ?"

"ಇಷ್ಟು ದಿನ ನಿಂತಿದೆ. ಇನ್ನೂರು ಜನಕ್ಕೆ ನಿಂತೀತು. ನಾನೂರು ಜನ ಎದ್ದು ಕುಣಿದ್ರೆ ಹೇಳ್ಲಿಕ್ಕಾಗುದಿಲ್ಲ."

"ನೀವು ರೈಗಳಿಗೆ ಹೇಳಿ ನಾಯಕರೆ."

ಅವರು ಪುಸ್ತಕದಲ್ಲಿ ಗ್ಯಾಲರಿ ಎಂದು ಬರೆದು ಎದುರಿಗೆ ಸೊನ್ನೆ ಹಾಕಿದರು. "ನನ್ನನ್ನು ಕಳಿಸಿದ್ದು ಬೆಲೆ ಹೇಳ್ಲಿಕ್ಕೆ. ಗ್ಯಾಲರಿ ನಿಮ್ಮದು," ಎಂದು ಹೇಳಿ ಪುಸ್ತಕವನ್ನು ಕಂಕುಳಿಗೆ ಸೇರಿಸಿ ಹೊರಟರು.

ಶುಕ್ರವಾರ ನಾನು ರೈಗಳ ಮನೆಗೆ ಹೋಗಿ ಹೇಳಿದೆ. ಅವರು ನಿಂತಲ್ಲೇ ನಿಂತು ಪೂರ್ತಿ ಕೇಳಿದರು. ಬೈಯಲಿಲ್ಲ, ಅಲ್ಲಗಳೆಯಲೂ ಇಲ್ಲ.

"ಹೊಸ ಮರ ಕಡಿದು ತಂದು ಹೂಳ್ಳಿಕ್ಕೆ ಎಷ್ಟು ದಿನ ಬೇಕು ಹೇಳಿ. ಹತ್ತು ದಿನ. ನಾಯಕರು ಸೋಮವಾರ ಹೋಗುದು. ಆದಿತ್ಯವಾರ ಆಟ ಇಲ್ಲ ಅಂದ್ರೆ ಅವ್ರು ಎಂತ ಬರೀತಾರೆ? ತಂಡ ಮುಗೀತು ಅಂತ ಬರೀತಾರೆ."

"ಗ್ಯಾಲರಿಗೆ ಯಾರನ್ನೂ ಬಿಡುದು ಬೇಡ. ನೆಲದಲ್ಲಿ ಕೂರಿಸುವ."

"ಖಾಲಿ ಗ್ಯಾಲರಿ ಎದುರಿಗೆ ಇಟ್ಟುಕೊಂಡು ಅವ್ರು ಜನ ಎಣಿಸುದಾ? ಮಾರಾಯ್ರೆ, ಎರಡು ಮಳೆಗೆ ನಿಂತದ್ದು ಒಂದು ಸಂಜೆ ನಿಲ್ಲುದಿಲ್ವಾ? ನಾಳೆ ಆಧಾರಕ್ಕೆ ನಾಲ್ಕು ಬಿದಿರು ಕೊಡಿಸ್ತೇನೆ. ಹಗ್ಗ ಬಿಗಿಸ್ತೇನೆ. ಆಟ ಆದ ಮರುದಿನವೇ ಕಿತ್ತು ಹಾಕುವ." ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟರು. "ಇದು ನಮ್ಮಿಬ್ಬರಲ್ಲೇ ಇರ್ಲಿ."

ಇರಲಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅವರ ಮನೆಯಲ್ಲಿ ಕೊಟ್ಟ ಮಜ್ಜಿಗೆ ಕುಡಿದು ಬಂದೆ.

ಶನಿವಾರ ಆಧಾರಕ್ಕೆ ಬಿದಿರು ಕೊಟ್ಟದ್ದು ನಿಜ. ಹಗ್ಗ ಬಿಗಿದದ್ದೂ ನಿಜ. ಅದೇ ದಿನ ರೈಗಳ ಲಾರಿ ಮೈಕ್ ಕಟ್ಟಿಕೊಂಡು ನೆಲ್ಯಾಡಿಯವರೆಗೆ ಹೋಗಿ ಬಂತು. ಪುತ್ತೂರಿನಿಂದ ಬರುವ ತಂಡದ ಜೊತೆ ಆಟ, ಮಥಾಯಿ ಇಲ್ಲಿ ಆಡುವುದು ಇನ್ನು ಎಷ್ಟು ದಿನವೋ ಎಂದು ಕೂಗಿ ಹೇಳಿಸಿದರು. ಜೀಪಿನವರಿಗೆಲ್ಲ ಹೇಳಿ ಕಳಿಸಿದ್ದರು.

ಭಾನುವಾರ ಗಾಳಿ ಅಲ್ಲಾಡಲಿಲ್ಲ. ಪೂರ್ವದ ಗುಡ್ಡ ಆಗಲೂ ಉರಿಯುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೇ ಜನ ಬರತೊಡಗಿದರು. ಜೀಪಿನ ಹಿಂದೆ ಜೀಪು, ಜೋತುಬಿದ್ದ ಜನ, ನಡೆದು ಬಂದವರು, ಹೊಳೆ ದಾಟಿ ಬಂದವರು. ನಾನು ಗೇಟಿನಲ್ಲಿ ನಿಂತು ಟಿಕೆಟ್ ಹರಿಯುತ್ತಲೇ ಇದ್ದೆ. ಬೆರಳು ನೋಯುತ್ತಿತ್ತು. ಬೆವರಿಗೆ ಬೂದಿ ಅಂಟಿಕೊಂಡು ಎಲ್ಲರ ಮುಖವೂ ಒಂದೇ ಥರ ಕಾಣುತ್ತಿತ್ತು. ರೈಗಳು ನನ್ನ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ ಕೈ ಮುಗಿದು, "ಗ್ಯಾಲರಿಯಲ್ಲಿ ಜಾಗ ಉಂಟು, ಮೇಲೆ ಹೋಗಿ, ಮೇಲೆ ಹೋಗಿ" ಎನ್ನುತ್ತಿದ್ದರು.

ಇಸ್ಮಾಲಿ ಬ್ಯಾರಿ ಬಂದ. ಒಗೆದ ಬಿಳಿ ಬನಿಯನು, ಹೊಸ ಲುಂಗಿ.

"ಬ್ಯಾರಿಗಳೆ, ಇವತ್ತು ಕೆಳಗೆ ಕೂತುಕೊಳ್ಳಿ," ಎಂದೆ.

"ಎಂತ ಮಾಷ್ಟ್ರೆ! ಎಂಟು ವರ್ಷ ಮೇಲೆ ಕೂತವ ನಾನು ಇವತ್ತು ಕೆಳಗೆ ಕೂರುದಾ?"

"ಮೇಲೆ ಸೆಕೆ ಹೆಚ್ಚು."

ರೈಗಳು ನನ್ನ ಕಡೆ ತಿರುಗಿದರು. ಬ್ಯಾರಿ ನಕ್ಕು ನನ್ನ ಬೆನ್ನು ತಟ್ಟಿ ಒಳಗೆ ಹೋದ. ಹಿಂದೆ ಸಾಲಿನಲ್ಲಿದ್ದವರು ಟಿಕೆಟಿಗೆ ಕೈ ಚಾಚಿದರು. ನಾನು ಹರಿದು ಕೊಟ್ಟೆ.

ಆಟ ಸುರುವಾಗುವಾಗ ನಾನು ಒಳಗೆ ಹೋಗಿ ನೋಡಿದೆ. ಗ್ಯಾಲರಿಯಲ್ಲಿ ಒಂದು ಇಂಚು ಬಿದಿರು ಕಾಣುತ್ತಿರಲಿಲ್ಲ. ಗಣ್ಯರಿಗೆಂದು ಗ್ಯಾಲರಿಯ ಮುಂದೆಯೇ ಕುರ್ಚಿ ಹಾಕಿದ್ದರು. ನಾಯಕರು ತಮ್ಮ ಕುರ್ಚಿಯನ್ನು ಎತ್ತಿಕೊಂಡು ಬಯಲನ್ನು ಸುತ್ತಿ ಎದುರು ಬದಿಗೆ ಹೋಗಿ, ಬೇಲಿಯ ಹತ್ತಿರ ಹಾಕಿ ಕುಳಿತರು. ಎಣಿಸಲು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎಂದು ರೈಗಳು ಅಂದುಕೊಂಡರೇನೋ. ಅವರು ಯಾಕೆ ಅಲ್ಲಿಗೆ ಹೋದರೆಂದು ನನಗೆ ಗೊತ್ತಿತ್ತು. ಆಗಲಾದರೂ ನಾನು ಕೂಗಬಹುದಿತ್ತು. ಗ್ಯಾಲರಿಯ ಕೆಳಗೆ ಹೋಗಿ ನಿಂತು, ಇಳಿಯಿರಿ ಎಂದು ಒಮ್ಮೆ ಕೂಗಿದ್ದರೆ ಸಾಕಿತ್ತು. ಮೊದಲರ್ಧ ಪೂರ್ತಿ ನಾನು ಅದನ್ನೇ ಯೋಚಿಸುತ್ತ ನಿಂತೆ. ಅರ್ಧ ಆಟವಾಗುವಾಗ ಏನೂ ಆಗಿರಲಿಲ್ಲ. ಬಹುಶಃ ಏನೂ ಆಗಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡನೇ ಅರ್ಧದ ಕೊನೆಗೆ ಬಾಲ್ ಮಥಾಯಿಗೆ ಸಿಕ್ಕಿತು. ಎಡಬದಿಯಿಂದ ಇಬ್ಬರನ್ನು ದಾಟಿಸಿ ಅವನು ಗೋಲಿನ ಹತ್ತಿರ ಬಂದ. ಗ್ಯಾಲರಿ ಇಡೀ ಒಮ್ಮೆಲೇ ಎದ್ದು ನಿಂತಿತು.

ದೊಡ್ಡ ಸದ್ದು ಆಗಲಿಲ್ಲ. ಹಳೆಯ ಗೋಣಿಚೀಲ ಹರಿದ ಹಾಗೆ ಒಂದು ಸದ್ದು, ಅಷ್ಟೆ. ಗ್ಯಾಲರಿಯ ನಡುಭಾಗ ನಿಂತಲ್ಲೇ ಕೆಳಗೆ ಕುಳಿತುಕೊಂಡಿತು. ಅದರ ಮೇಲಿದ್ದವರೂ ಅದರ ಜೊತೆಗೇ ಇಳಿದರು, ಕೈ ಇನ್ನೂ ಮೇಲೆತ್ತಿಕೊಂಡೇ. ಆಮೇಲೆ ಎರಡೂ ಬದಿಗಳು ಒಳಕ್ಕೆ ವಾಲಿ ಅವರ ಮೇಲೆ ಬಿದ್ದವು. ಹಳದಿ ಹುಡಿ ಎದ್ದಿತು. ಬಾಲ್ ಗೋಲಿನೊಳಗೆ ಹೋಗಿ ಬಲೆಯಲ್ಲಿ ಸಿಕ್ಕಿ ನಿಂತದ್ದು ನನಗೆ ಕಾಣಿಸಿತು. ಅನಂತರ ಕಿರಿಚಾಟ ಸುರುವಾಯಿತು.

ಮೊದಲು ಓಡಿದ್ದು ಆಟಗಾರರು. ಎರಡೂ ತಂಡದವರು. ಮಥಾಯಿ ಕಂಬಗಳನ್ನು ಹೆಗಲು ಕೊಟ್ಟು ಎತ್ತುತ್ತಿದ್ದ. ಅಡಿಯಿಂದ ಒಬ್ಬೊಬ್ಬರನ್ನೇ ಎಳೆದು ತೆಗೆದೆವು. ಕೈ ಮುರಿದವರು, ತಲೆ ಒಡೆದವರು, ಬರೀ ಹೆದರಿಕೆಗೆ ಅಳುವವರು. ಇಸ್ಮಾಲಿ ಬ್ಯಾರಿ ಎಲ್ಲರಿಗಿಂತ ಕೆಳಗಿದ್ದ. ಅವನ ಬಲಗಾಲಿನ ಮೇಲೆ ಎರಡು ಅಡ್ಡಮರ ಬಿದ್ದಿದ್ದವು. ಅವನು ಕೂಗುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ಮೇಲಿನ ಹೊಗೆಯನ್ನು ನೋಡುತ್ತಿದ್ದ.

ರೈಗಳ ಲಾರಿಯಲ್ಲೇ ಗಾಯಗೊಂಡವರನ್ನು ಮಲಗಿಸಿ ಪುತ್ತೂರಿಗೆ ಹೊರಟೆವು. ರೈಗಳು ತಾವೇ ಲಾರಿ ಓಡಿಸಿದರು. ಹೊಳೆಯ ದಡಕ್ಕೆ ಬಂದರೆ, ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಆಚೆ ದಡದಲ್ಲಿತ್ತು. ಬೇಸಗೆಯ ನೀರಲ್ಲಿ ಅದನ್ನು ಕೋಲು ಹಾಕಿ ತಳ್ಳಿಕೊಂಡು ಬರಬೇಕು. ನಾವು ಕಾದೆವು. ಬ್ಯಾರಿಯ ತಲೆ ನನ್ನ ತೊಡೆಯ ಮೇಲಿತ್ತು. ಸೂರ್ಯ ಹೊಗೆಯಲ್ಲಿ ಕೆಂಪಗೆ ಇಳಿಯುತ್ತಿದ್ದ. ರೈಗಳು ನೀರಿಗಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು, "ಬೇಗ ತಾ ಮಾರಾಯ, ಬೇಗ ತಾ" ಎಂದು ಕೂಗುತ್ತಲೇ ಇದ್ದರು. ಅವರ ಸ್ವರ ಒಡೆದು ಹೋಯಿತು.

ಯಾರೂ ಸಾಯಲಿಲ್ಲ. ಆ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಪುತ್ತೂರಿನಿಂದ ಬ್ಯಾರಿಯನ್ನು ಮಂಗಳೂರಿಗೆ ಕರೆದೊಯ್ದರು. ಮೂರನೇ ದಿನ ಅವನ ಬಲಗಾಲನ್ನು ಮೊಣಕಾಲಿನ ಮೇಲಿನಿಂದ ತೆಗೆದರು.

ಮರುವಾರ ಪೊಲೀಸ್ ಸಬ್ ಇನ್ಸ್‌ಪೆಕ್ಟರು ಬಂದು ಶಾಲೆಯ ಜಗಲಿಯಲ್ಲಿ ಕುಳಿತರು. ಪಟೇಲರಿದ್ದರು, ಊರಿನ ನಾಲ್ಕು ಜನ ಇದ್ದರು. ರೈಗಳು ಹೇಳಿದರು, "ಒಳಗೆ ಹುಳ ತಿಂದದ್ದು ಸ್ವಾಮಿ. ಹೊರಗಿನಿಂದ ಯಾರಿಗೆ ಗೊತ್ತಾಗ್ತದೆ? ನನಗೆ ಗೊತ್ತಿದ್ರೆ ನಾನು ಜನ ಹತ್ತಿಸ್ತಿದ್ದೆನಾ?"

ಸಬ್ ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ ಮಾಷ್ಟ್ರೆ?"

ಜಗಲಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ರೈಗಳು ಮಾತ್ರ ನೋಡಲಿಲ್ಲ. ಅವರು ಒಂದು ವಾರ ಕ್ಷೌರ ಮಾಡಿಸಿಕೊಂಡಿರಲಿಲ್ಲ. ಅಷ್ಟೂ ಜನರ ಆಸ್ಪತ್ರೆ ಖರ್ಚನ್ನು ಅವರೇ ಕೊಡುತ್ತಿದ್ದರು, ಒಂದು ಲಾರಿ ಮಾರಿದ್ದೂ ಆಗಿತ್ತು. ನನಗೆ ಅನ್ನ ಹಾಕಿದ ಮನೆ ಅದು.

"ಗೊತ್ತಿತ್ತು," ಎಂದೆ. "ಗುರುವಾರ ನಾಯಕರು ನನಗೆ ಹೇಳಿದ್ರು. ಶುಕ್ರವಾರ ನಾನು ರೈಗಳಿಗೆ ಹೇಳಿದೆ. ಆದಿತ್ಯವಾರ ಟಿಕೆಟ್ ಹರಿದದ್ದೂ ನಾನೇ."

ಬರೆದುಕೊಳ್ಳುವವನ ಲೇಖನಿಯ ಸದ್ದು ಮಾತ್ರ ಕೇಳುತ್ತಿತ್ತು. ರೈಗಳು ಎದ್ದು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಅವರು ಬದುಕಿದ್ದಷ್ಟು ಕಾಲ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಪುತ್ತೂರಿನ ಕೋರ್ಟಿನಲ್ಲಿ ಅವರಿಗೆ ದಂಡ ಬಿತ್ತು, ಕಟ್ಟಿದರು. ನಾಯಕರನ್ನೂ ಕರೆಸಿದ್ದರು. "ನಾನು ಮಾಷ್ಟ್ರಿಗೆ ಹೇಳಿದ್ದೆ" ಎಂದು ಹೇಳಿ ಅವರು ಬಸ್ಸು ಹತ್ತಿದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗುವಂತಿರಲಿಲ್ಲ.

ಏಪ್ರಿಲಿನಲ್ಲಿ ಕಾರ್ಖಾನೆಯವರ ಕಾಗದ ಬಂತು. ರೈಗಳು ಅದನ್ನು ಮಥಾಯಿಯ ಕೈಗೆ ಕೊಟ್ಟಿದ್ದರು, ಅವನು ಓದಿಸಿಕೊಳ್ಳಲು ನನ್ನ ಬಳಿಗೆ ತಂದ. ಮಥಾಯಿಯೂ ಇನ್ನು ಮೂವರೂ ಬೇಕಂತೆ. ಉಳಿದವರು ಬೇಡ. ಹೊಸಗದ್ದೆ ಎಂಬ ಹೆಸರು ಬೇಡವೇ ಬೇಡ, ಆ ಹೆಸರನ್ನು ಎಲ್ಲಿಯೂ ಹೇಳಬಾರದು. ಬೆಲೆಯಲ್ಲಿ ಅರ್ಧ ಎಂದು ನಾಯಕರು ಗೀಟು ಹಾಕಿ ಎಣಿಸಿದ ಹೆಸರು ಅದು.

"ಸಾರೆ, ನಾನು ಹೋಗ್ಬೇಕಾ?" ಎಂದು ಮಥಾಯಿ ಕೇಳಿದ. ಅವನಿಗೆ ಆ ವರ್ಷವೇ ಮಗು ಹುಟ್ಟಿತ್ತು.

"ಹೋಗು. ಆದ್ರೆ ಸಹಿ ಹಾಕುವ ಮೊದಲು ಒಂದು ಕೇಳು. ಆಡುವಾಗ ಕಾಲಿಗೆ ಏನಾದ್ರೂ ಆದ್ರೆ ಖರ್ಚು ಯಾರದ್ದು ಅಂತ ಬರೆದು ಕೊಡ್ಲಿ." ಆಮೇಲೆ ನಾಯಕರು ಅವನ ಹೆಸರಿನ ಎದುರು ಏನು ಬರೆದಿದ್ದರೆಂದು ನಿಜ ಹೇಳಿದೆ. ಅವನು ತನ್ನ ಮೊಣಕಾಲನ್ನು ತಾನೇ ಒತ್ತಿ ನೋಡಿಕೊಂಡ. ಕೊನೆಗೆ ಖರ್ಚಿನ ಮಾತನ್ನು ಬರೆಸಿಕೊಂಡೇ ಸಹಿ ಹಾಕಿದನಂತೆ.

ಮೇ ತಿಂಗಳಲ್ಲಿ ಹೊಸಗದ್ದೆಯನ್ನು ಉತ್ತರು. ನನಗೆ ಸುಳ್ಯದ ಕಡೆ ಐವರ್ನಾಡಿನ ಶಾಲೆಗೆ ವರ್ಗವಾಯಿತು. ನಾನೇ ಕೇಳಿಕೊಂಡದ್ದು. ಹೊರಡುವ ದಿನ ಟ್ರಂಕು ಹಿಡಿದುಕೊಂಡು ಬಸ್ಸು ನಿಲ್ಲುವ ಕಡೆ ಬಂದಾಗ ಬ್ಯಾರಿಯ ಹೋಟ್ಲು ತೆರೆದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಅವನನ್ನು ನೋಡಲು ಹೋಗಿರಲಿಲ್ಲ. ಧೈರ್ಯ ಬಂದಿರಲಿಲ್ಲ. ಅವನು ಒಲೆಯ ಹತ್ತಿರ ಎತ್ತರದ ಸ್ಟೂಲಿನ ಮೇಲೆ ಕುಳಿತು ಚಾ ಎತ್ತಿ ಹೊಯ್ಯುತ್ತಿದ್ದ. ಗೋಡೆಗೆ ಊರುಗೋಲು ಒರಗಿಸಿತ್ತು. ಸ್ವರ ಸಣ್ಣದಾಗಿತ್ತು.

"ಬನ್ನಿ ಮಾಷ್ಟ್ರೆ. ಹೋಗುದಾ?"

"ಹೌದು ಬ್ಯಾರಿಗಳೆ."

ಬೇರೆ ಗಿರಾಕಿಗಳಿರಲಿಲ್ಲ. ನಾನು ಬೆಂಚಿನ ಮೇಲೆ ಕುಳಿತೆ. ಮೂರು ತಿಂಗಳಿಂದ ಮನಸ್ಸಿನಲ್ಲೇ ಬರೆದು ಹೊಡೆದು ಹಾಕುತ್ತಿದ್ದ ಮಾತುಗಳನ್ನು ಜೋಡಿಸತೊಡಗಿದೆ. ಅವನೇ ಸುರು ಮಾಡಿದ.

"ಪೊಲೀಸರಿಗೆ ನೀವು ನಿಜ ಹೇಳಿದ್ರಿ ಅಂತ ಎಲ್ಲರೂ ಹೇಳ್ತಾರೆ. ರೈಗಳ ಎದುರೇ ಹೇಳಿದ್ರಂತೆ. ಧೈರ್ಯ ಬೇಕು ಅಂತಾರೆ."

ನಾನು ತಲೆ ತಗ್ಗಿಸಿದೆ.

ಅವನು ಲೋಟಕ್ಕೆ ಚಾ ಬಗ್ಗಿಸಿ, ಒಂದು ಕೈಯಲ್ಲಿ ಒಲೆಯ ಕಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಲೋಟವನ್ನು ನನ್ನ ಕಡೆ ಚಾಚಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಸಿಟ್ಟಿದ್ದರೆ ಒಳ್ಳೆಯದಿತ್ತು.

"ಆ ಮಾತು ನನಗೆ ಗೇಟಿನಲ್ಲಿ ಹೇಳ್ಬಹುದಿತ್ತು ಮಾಷ್ಟ್ರೆ," ಎಂದ. "ನಾನು ಕೆಳಗೇ ಕೂರ್ತಿದ್ದೆ."

ನಾನು ಎದ್ದು ಹೋಗಿ ಅವನ ಕೈಯಿಂದ ಲೋಟ ತೆಗೆದುಕೊಂಡೆ. ಅವನು ನೋಡುತ್ತಿದ್ದಾನೆಂದು ಬಿಸಿ ಚಾವನ್ನು ನಿಂತುಕೊಂಡೇ ಪೂರ್ತಿ ಕುಡಿದೆ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.